ಎಳೆಯುವ ಗೂಡು, ನಿಂತ ಗೂಡು: ಹಿತ್ತಲಿನ ಆರು ಕೋಳಿಗಳ ಅನುಭವ

ತರಕಾರಿಯ ಜೊತೆಗೆ ಮೊಟ್ಟೆಯನ್ನೂ ಮನೆಯಲ್ಲೇ ಪಡೆಯೋಣವೆಂದು ಆರು ಹೇಂಟೆಗಳನ್ನು ತಂದಾಗ, ನಾವು ಕೊಂಡದ್ದು ಚಕ್ರವಿರುವ, ತಳವಿಲ್ಲದ ಗೂಡನ್ನು. ವರ್ಷವಿಡೀ ಅದನ್ನು ಎಳೆದಾಡಿದ ಮೇಲೆ, ಒಂದೇ ಕಡೆ ನಿಲ್ಲುವ, ದಪ್ಪ ಹಾಸಿನ ಗೂಡನ್ನು ನಾವೇ ಕಟ್ಟಿದೆವು. ಎರಡು ವರ್ಷಗಳಿಂದ ಕೋಳಿಗಳು ಅದರಲ್ಲೇ ಇವೆ. ಇನ್ನು ಅದನ್ನು ಬಿಡುವ ಮಾತೇ ಇಲ್ಲ.

ಎಳೆಯುವ ಗೂಡಿನ ಮೇಲೆ ಆಸೆ ಹುಟ್ಟುವುದು ಸಹಜ. ಕೋಳಿಗಳಿಗೆ ದಿನವೂ ಹೊಸ ಹುಲ್ಲು, ಹೊಸ ಹುಳ. ಹಿಕ್ಕೆ ನೇರವಾಗಿ ಮಣ್ಣಿಗೆ ಸೇರುತ್ತದೆ, ಗುಡಿಸುವ ಕೆಲಸವಿಲ್ಲ. ಹಸಿರು ಮೇಯ್ದ ಕೋಳಿಯ ಮೊಟ್ಟೆಯಲ್ಲಿ ಹಳದಿ ಗಾಢವಾಗುವುದೂ ನಿಜ.

ಆದರೆ ಅದಕ್ಕೆ ನೆಲ ಸಮತಟ್ಟಾಗಿರಬೇಕು. ನಮ್ಮ ಹಿತ್ತಲು ಇಳಿಜಾರು. ಚೌಕಟ್ಟು ಒಂದು ಮೂಲೆಯಲ್ಲಿ ಊರಿದರೆ ಇನ್ನೊಂದು ಮೂಲೆಯಲ್ಲಿ ಮೂರು ಬೆರಳು ಸಂದು ಬೀಳುತ್ತಿತ್ತು. ಹೆಗ್ಗಣ ನುಗ್ಗಲು ಅಷ್ಟು ಧಾರಾಳ. ಹಾಗಾಗಿ ಸಂಜೆ ಸಂದಿಗೆ ಇಟ್ಟಿಗೆ ಒತ್ತಬೇಕು, ಬೆಳಿಗ್ಗೆ ಅದನ್ನು ತೆಗೆಯಬೇಕು, ಆಮೇಲೆ ಗೂಡನ್ನು ಎಳೆಯಬೇಕು.

ಎಳೆಯಲು ಒಬ್ಬರು ಸಾಲದು. ಮುಂದೆ ಒಬ್ಬರು ಎಳೆಯುವಾಗ ಹಿಂದೆ ಇನ್ನೊಬ್ಬರು ಕುಕ್ಕರುಗಾಲಲ್ಲಿ ಕುಳಿತು ಕೋಳಿಗಳನ್ನು ಮುಂದಕ್ಕೆ ಅಟ್ಟಬೇಕು. ಆ ಕೆಲಸ ಮಗಳದಾಗಿತ್ತು. ಒಂದು ದಿನ ಅವಳು ಬೇಗ ಶಾಲೆಗೆ ಹೋಗಿದ್ದಳು, ನಾನೊಬ್ಬಳೇ ಎಳೆದೆ. ಹಿಂದಿನ ಪಟ್ಟಿಯ ಅಡಿಗೆ ಕಂದು ಹೇಂಟೆಯ ಕಾಲು ಸಿಕ್ಕಿಕೊಂಡಿತು. ಅದರ ಚೀತ್ಕಾರ ಕೇಳಿ ಗೂಡನ್ನು ಎತ್ತುವಷ್ಟರಲ್ಲಿ ನಡುಬೆರಳು ನಜ್ಜಿ ನೀಲಿಗಟ್ಟಿತ್ತು. ಹತ್ತು ದಿನ ಅದು ಒಂಟಿ ಕಾಲಲ್ಲೇ ನಿಂತಿತು, ಮೊಟ್ಟೆಯನ್ನೂ ಇಡಲಿಲ್ಲ. ಅದರ ಬೆರಳನ್ನು ಅಂಗೈಯಲ್ಲಿ ಹಿಡಿದು ತೊಳೆಯುವಾಗಲೇ ಈ ಗೂಡು ನಮಗೆ ಬೇಡವೆಂದು ನಿರ್ಧರಿಸಿದೆ.

ಮಳೆ ಹಿಡಿದರೆ ಚಕ್ರ ಹೂತು ಗೂಡು ಕದಲುತ್ತಿರಲಿಲ್ಲ. ಎರಡೇ ದಿನಕ್ಕೆ ಆ ಜಾಗವೆಲ್ಲ ಕೆಸರು.

ಈಗಿನ ಗೂಡಿನಲ್ಲಿ ಒಂದು ಗೇಣಿನಷ್ಟು ತರಗೆಲೆ, ಮರದ ಹೊಟ್ಟು ಹಾಸಿದೆ. ಒಂದು ಹೇಂಟೆ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎರಡನ್ನೂ ಕೋಳಿಗಳೇ ಕೆದರಿ ಬೆರೆಸುತ್ತವೆ, ಹಾಸು ಅಲ್ಲಿಯೇ ಕೊಳೆಯತೊಡಗುತ್ತದೆ. ವಾರಕ್ಕೊಮ್ಮೆ ಒಂದು ಹಿಡಿ ತೆಗೆದು ಹಿಂಡಿ ನೋಡುತ್ತೇನೆ. ನೀರು ಒಸರಬಾರದು. ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯಾ, ಕೋಳಿಗಳ ಕಣ್ಣಿಗೂ ಶ್ವಾಸಕ್ಕೂ ಕೇಡು. ಕೂಡಲೇ ಇನ್ನಷ್ಟು ಒಣ ಎಲೆ ಸುರಿಯುತ್ತೇನೆ. ನೀರಿನ ಪಾತ್ರೆಯ ಸುತ್ತ ಮಾತ್ರ ಹಾಸು ಬೇಗ ಒದ್ದೆಯಾಗುತ್ತದೆ, ಅದನ್ನು ಆಗಾಗ ಬದಲಿಸಬೇಕು.

ಜಾಲರಿಯ ವಿಷಯದಲ್ಲಿ ಉಳಿತಾಯ ಬೇಡ. ತೆಳುವಾದ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೊರಗಿನ ಪ್ರಾಣಿಯನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಬೆಸುಗೆ ಜಾಲರಿಯನ್ನೇ ಹಾಕಿ. ಅದನ್ನು ಕೊಂಡರೂ ನಮ್ಮ ಒಟ್ಟು ಖರ್ಚು ಮೊದಲಿನ ಗೂಡಿಗಿಂತ ಕಡಿಮೆಯೇ ಆಯಿತು. ಮರಮುಟ್ಟು ಮನೆಯಲ್ಲೇ ಇತ್ತು.

ನನಗೆ ದೊಡ್ಡ ಲಾಭ ಗೊಬ್ಬರ. ಮೊದಲು ಹುಲ್ಲಿನ ಪಾಲಾಗುತ್ತಿದ್ದದ್ದು ಈಗ ತರಕಾರಿಯ ಪಾಲು. ತೆಗೆದ ಹಾಸನ್ನು ನೇರವಾಗಿ ಮಡಿಗೆ ಹಾಕುವುದಿಲ್ಲ. ಎಳೆಯ ಸಸಿ ಸುಟ್ಟುಹೋಗುತ್ತದೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಿನ ಭಯವೂ ಇದೆ. ರಾಶಿ ಹಾಕಿ ತಿಂಗಳುಗಟ್ಟಲೆ ಚೆನ್ನಾಗಿ ಕಳಿಸಿ, ಬಿತ್ತುವ ಮೊದಲು ಮಣ್ಣಿಗೆ ಬೆರೆಸುತ್ತೇನೆ. ಕಳೆದ ಸಲ ಆ ಮಡಿಯಲ್ಲಿ ಬೆಳೆದ ಟೊಮೆಟೊ ಗಿಡಗಳಿಗೆ ಎರಡೆರಡು ಊರುಗೋಲು ಕೊಡಬೇಕಾಯಿತು.

ಸಪಾಟಾದ ಹುಲ್ಲುನೆಲ, ಎರಡು ಮೂರೇ ಕೋಳಿ, ಬೆಳಿಗ್ಗೆ ಬಿಡುವಿರುವ ಇಬ್ಬರು ಇದ್ದ ಮನೆಗೆ ಎಳೆಯುವ ಗೂಡು ಒಗ್ಗೀತು. ನಮ್ಮಲ್ಲಿ ಬೆಳಿಗ್ಗೆ ಎಲ್ಲರಿಗೂ ಧಾವಂತ. ಹಳೆಯ ಗೂಡಿನ ಚಕ್ರ ಬಿಚ್ಚಿ ಸೊಪ್ಪಿನ ಮಡಿಯ ಮೇಲೆ ಕವಿಚಿದ್ದೇನೆ. ಸಂಜೆ ಹೊರಗೆ ಬಿಟ್ಟ ಕೋಳಿಗಳು ಅದರ ಸುತ್ತ ಓಡಾಡುತ್ತವೆ, ಒಳಗೆ ಮೊಳಕೆಗಳು ಕ್ಷೇಮವಾಗಿವೆ.