ಮನೆ ಮುಂದಿನ ಸಿಟ್‌ಔಟ್: ದಿನಗೂಲಿಗೋ, ಲೇಬರ್ ಕಾಂಟ್ರಾಕ್ಟಿಗೋ, ಸಾಮಾನು ಸಮೇತವೋ?

ಸಿಟ್‌ಔಟ್ ಕಟ್ಟಿಸಲು ಮೇಸ್ತ್ರಿಗೆ ಕೆಲಸ ಹೇಗೆ ಒಪ್ಪಿಸೋದು ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ವಿಷಯ ನೋಡೋಣ.

ದಿನಗೂಲಿಯಲ್ಲಿ ಖರ್ಚು ಎಷ್ಟಾಗುತ್ತದೆ ಅಂತ ಮುಂಚೆ ಹೇಳೋಕೆ ಆಗೋದಿಲ್ಲ. ಕೆಲಸ ಎಳೆದಷ್ಟೂ ಕೂಲಿ ಬೆಳೆಯುತ್ತದೆ. ಲೇಬರ್ ಕಾಂಟ್ರಾಕ್ಟಿನಲ್ಲಿ ಚದರಡಿಗೆ ಇಷ್ಟು ಅಂತ ಮಾತಾಗುತ್ತದೆ, ಸಿಮೆಂಟು, ಕಂಬಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ನೀವೇ ತರಬೇಕು. ಇಲ್ಲೇ ಜಗಳ ಜಾಸ್ತಿ. ಅಳತೆ ನೆಲದ್ದೋ, ಹೊರಚಾಚಿದ ಸಜ್ಜಾ ಸೇರಿಸಿಯೋ? ಕಾಂಕ್ರೀಟು ಸುರಿಯಲು ಕೆಳಗೆ ಕಟ್ಟುವ ಸೆಂಟ್ರಿಂಗ್ ಹಲಗೆ ಬಾಡಿಗೆ ಯಾರದ್ದು? ಕಂಬಿ ಕಟ್ಟುವ ಕೂಲಿ, ಪಾಯ ಅಗೆಯುವುದು, ಮೆಟ್ಟಿಲು ಇದರಲ್ಲೇ ಬಂತಾ? ಅಡ್ವಾನ್ಸ್ ಕೊಡುವ ಮುಂಚೆಯೇ ಬರೆಸಿಕೊಳ್ಳಿ. ಸಾಮಾನು ಸಮೇತ ಕೊಟ್ಟರೆ ಓಡಾಟ ಉಳಿಯುತ್ತದೆ, ಆದರೆ ಸಿಮೆಂಟಿನ ಬ್ರ್ಯಾಂಡ್, ಕಂಬಿಯ ಎಂಎಂ, ಟೈಲ್ಸಿನ ರೇಟು ಕಾಗದದಲ್ಲಿ ಇರಲೇಬೇಕು.

ಬಾಳಿಕೆ ನಿಂತಿರುವುದು ಕ್ಯೂರಿಂಗ್ ಮೇಲೆ, ಅಂದರೆ ಕಾಂಕ್ರೀಟು ಒಣಗದಂತೆ ನೀರು ಹಾಕುತ್ತಾ ಇರುವುದರ ಮೇಲೆ. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಬೇಕು. ಮೂರರಲ್ಲಿ ಯಾವುದೇ ಆಗಲಿ, ನೀರು ಹಾಕೋರು ಯಾರು ಅಂತ ಮೊದಲೇ ಗೊತ್ತಿರಲಿ. ದಯವಿಟ್ಟು ಇದನ್ನು ಸುಮ್ನೆ ಬಿಡಬೇಡಿ.

ಹಳೇ ಜಗಲಿ ರಿಪೇರಿಯಾದರೆ ದಿನಗೂಲಿಯೇ ಸರಿ, ಒಡೆದು ನೋಡುವ ತನಕ ಕೆಲಸ ಎಷ್ಟಿದೆ ಅಂತ ಗೊತ್ತಾಗಲ್ಲ ಅಲ್ವಾ? ಮನೆಯಲ್ಲಿ ಒಬ್ಬರಾದರೂ ದಿನವೂ ನಿಂತು ನೋಡುವವರಿದ್ದರೆ ಲೇಬರ್ ಕಾಂಟ್ರಾಕ್ಟ್. ನೀವು ಬೆಂಗಳೂರಿನಲ್ಲಿ, ಕೆಲಸ ಊರಲ್ಲಿ ಅಂದರೆ ಸಾಮಾನು ಸಮೇತ ಕೊಡಿ. ಹಣ ಮಾತ್ರ ಪಾಯ, ಗೋಡೆ, ಮೋಲ್ಡ್ (ಛಾವಣಿಯ ಕಾಂಕ್ರೀಟು), ಗಾರೆ ಅಂತ ಹಂತ ಮುಗಿದ ಮೇಲೇ ಕೊಡಿ, ಕೊನೆಯ ಕಂತು ಸ್ವಲ್ಪ ದೊಡ್ಡದಾಗಿಯೇ ಇರಲಿ.