ಚಾರ್ಟರ್ ಯಾಟ್ ಕೆಲಸಕ್ಕೆ ಹೊರಟಿದ್ದೀರಾ? ವಿಮಾನ ಹತ್ತುವ ಮುಂಚೆ ಕಾಗದ ನೋಡಿಕೊಳ್ಳಿ

ಕೆರಿಬಿಯನ್ ದ್ವೀಪಗಳ ಕಡೆ ಚಾರ್ಟರ್ ಯಾಟ್‌ನಲ್ಲಿ, ಅಂದರೆ ಅತಿಥಿಗಳಿಗೆ ಬಾಡಿಗೆಗೆ ಓಡುವ ಐಷಾರಾಮಿ ವಿಹಾರನೌಕೆಯಲ್ಲಿ, ಕೆಲಸ ಸಿಕ್ಕಿದೆ ಅಂತ ಹೊರಟು ನಿಂತವರು ದಯವಿಟ್ಟು ಇದನ್ನು ಓದಿ, ಆಮೇಲೆ ಬ್ಯಾಗ್ ತುಂಬಿ. ಕೆಲಸವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಯಾಟ್‌ಗಳಿವೆ, ಒಳ್ಳೆಯ ಕ್ಯಾಪ್ಟನ್‌ಗಳೂ ಇದ್ದಾರೆ. ಮುಂದೆ ನಾನು ಅಂಥವರ ಕೈಕೆಳಗೂ ದುಡಿದಿದ್ದೇನೆ. ಆದರೆ ಮೊದಲ ಯಾಟ್‌ನಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಏಜೆಂಟ್ ಮೂಲಕ ಡೆಕ್‌ಹ್ಯಾಂಡ್ (ಡೆಕ್ ಮೇಲೆ ದುಡಿಯುವವ) ಕೆಲಸ ಸಿಕ್ಕಿತ್ತು. ಒಪ್ಪಂದ ಈಮೇಲ್‌ನಲ್ಲೇ ಬಂತು. ಸಂಬಳ, ರಜೆ, ವಾಪಸ್ ಟಿಕೆಟ್ ಎಲ್ಲವೂ ಅದರಲ್ಲಿತ್ತು. ಸಹಿ ಹಾಕಿ ಕಳಿಸಿದೆ. ಆಂಟಿಗುವಾ ದ್ವೀಪದ ಫಾಲ್ಮತ್ ಹಾರ್ಬರ್‌ನಲ್ಲಿ ಯಾಟ್ ಹತ್ತಿದ ಕೂಡಲೇ ಇಮಿಗ್ರೇಷನ್ ಕೆಲಸಕ್ಕೆ ಎಂದು ಪಾಸ್‌ಪೋರ್ಟ್ ತೆಗೆದುಕೊಂಡರು. ಅದು ಎಲ್ಲಾ ಕಡೆ ಇರುವ ಪದ್ಧತಿಯೇ. ಆದರೆ ಅದೇ ಸಂಜೆ ಮೇಜಿನ ಮೇಲೆ ಬೇರೆಯೇ ಒಂದು ಒಪ್ಪಂದ ಬಂತು. ಮೊದಲ ಕೆಲವು ತಿಂಗಳು ಪ್ರೊಬೇಷನ್, ಸಂಬಳ ಕಡಿಮೆ, ಸೀಸನ್ ಪೂರ್ತಿ ಮುಗಿಸಿದರೆ ಮಾತ್ರ ವಾಪಸ್ ಟಿಕೆಟ್! ಕೇಳಿದ್ದಕ್ಕೆ, “ಮೊದಲಿನದು ಏಜೆಂಟ್ ಮಾಡಿದ್ದು, ನಮಗೆ ಸಂಬಂಧವಿಲ್ಲ” ಎಂದರು. ನಾನು ಸಹಿ ಹಾಕಲಿಲ್ಲ. ಅವರೂ ಹೋಗು ಎನ್ನಲಿಲ್ಲ. ಸಂಬಳ ಮಾತ್ರ ಆ ಎರಡನೇ ಕಾಗದದ ಲೆಕ್ಕದಲ್ಲೇ ಬರತೊಡಗಿತು. ಪಾಸ್‌ಪೋರ್ಟ್ ಕ್ಯಾಪ್ಟನ್ ಲಾಕರ್‌ನಲ್ಲಿ, ಕೈಯಲ್ಲಿ ಒಂದೇ ಕಡೆಯ ಟಿಕೆಟ್. ಹೊಸಬರು ಆ ಸ್ಥಿತಿಯಲ್ಲಿ ಜಾಸ್ತಿ ವಾದ ಮಾಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಅದಕ್ಕೇ ಹೇಳುತ್ತಿರುವುದು, ಕಾನೂನು ನಿಮ್ಮ ಕಡೆ ಎಷ್ಟು ಇದೆ ಎಂದು ಮೊದಲೇ ತಿಳಿದುಕೊಂಡು ಹೋಗಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾರಿಟೈಮ್ ಲೇಬರ್ ಕನ್ವೆನ್ಷನ್ (ಹಡಗು ಸಿಬ್ಬಂದಿಯ ಹಕ್ಕುಗಳ ನಿಯಮಾವಳಿ) 2006ರಲ್ಲಿ ಆದದ್ದು, 2013ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಬಾಡಿಗೆಗೆ ಓಡುವ ಯಾಟ್‌ಗಳೂ ಅದರೊಳಗೆ ಬರುತ್ತವೆ. ಒಪ್ಪಂದಕ್ಕೆ ನೀವೂ, ಮಾಲೀಕರು ಅಥವಾ ಅವರ ಪ್ರತಿನಿಧಿಯೂ ಸಹಿ ಹಾಕಿರಬೇಕು. ಮೂಲ ಪ್ರತಿ ಒಂದು ನಿಮ್ಮ ಕೈಯಲ್ಲಿರಬೇಕು. ಕೆಲಸ ಕೊಡಿಸಿದ್ದಕ್ಕೆ ಏಜೆಂಟ್ ನಿಮ್ಮಿಂದ ಹಣ ಕೇಳುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಸೀಮನ್ ಬುಕ್ (ನಾವಿಕರ ಗುರುತಿನ ಪುಸ್ತಕ) ಖರ್ಚು ನಿಮ್ಮದು, ವೀಸಾ ಖರ್ಚು ಮಾಲೀಕರದು. “ಸರ್ವಿಸ್ ಚಾರ್ಜ್” ಕೇಳುವ ಏಜೆಂಟ್ ಸಿಕ್ಕರೆ ಅಲ್ಲಿಗೇ ಬಿಡಿ.

ಇದರಲ್ಲಿ ಒಂದು ತೂತಿದೆ. ಮಾಲೀಕರು ಸ್ವಂತಕ್ಕೆ ಮಾತ್ರ ಬಳಸುವ ಖಾಸಗಿ ಯಾಟ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಖಾಸಗಿ ಎಂದು ನೋಂದಾಯಿಸಿ ಒಳಗೊಳಗೇ ಬಾಡಿಗೆಗೆ ಬಿಡುವವರೂ ಇದ್ದಾರೆ. ಇನ್ನೊಂದು, 500 ಗ್ರಾಸ್ ಟನ್‌ಗಿಂತ (ಹಡಗಿನ ಒಳಗಾತ್ರದ ಅಳತೆ) ಚಿಕ್ಕ ಯಾಟ್‌ಗೆ ಕಾರ್ಮಿಕ ನಿಯಮ ಪಾಲನೆಯ ಸರ್ಟಿಫಿಕೇಟ್ ಕಡ್ಡಾಯವಲ್ಲ. ನಿಯಮ ಅದಕ್ಕೂ ಇದೆ, ಆದರೆ ನೋಡುವವರು ಕಡಿಮೆ. ನಮ್ಮದು ಅಂಥದ್ದೇ. ಹಾಗಾಗಿ ನೋಂದಣಿ ಕಮರ್ಷಿಯಲ್ಲೋ ಖಾಸಗಿಯೋ ಎಂಬ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.

ಇನ್ನು ಕೆಲಸದ ಮಾತು. ಕೆರಿಬಿಯನ್ ಸೀಸನ್ ಎಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಏಪ್ರಿಲ್. ಅತಿಥಿಗಳು ಏಳುವ ಮೊದಲೇ ಡೆಕ್ ಮೇಲಿನ ಇಬ್ಬನಿ, ಉಪ್ಪು ಎಲ್ಲ ಒರೆಸಿ ಆಗಿರಬೇಕು. ಹಗಲಿಡೀ ಜೆಟ್ ಸ್ಕೀ, ಗಾಳಿ ತುಂಬಿದ ಜಾರುಬಂಡೆ, ಟೆಂಡರ್ (ದಡಕ್ಕೆ ಜನರನ್ನು ಒಯ್ಯುವ ಚಿಕ್ಕ ದೋಣಿ) ಓಡಾಟ. ಯಾಟ್‌ನ ಬಿಳಿ ಮೈಯಿಂದಲೂ ನೀರಿನಿಂದಲೂ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ತೇಗದ ಹಲಗೆ ಮೇಲೆ ಬರಿಗಾಲು ಇಡಲಾಗದು. ರಾತ್ರಿ ದಡದ ಪಾರ್ಟಿ ಮುಗಿಯುವವರೆಗೆ ಟೆಂಡರ್‌ನಲ್ಲಿ ಕಾಯಬೇಕು, ಆಮೇಲೆ ಲಂಗರಿನ ಕಾವಲು. ಅತಿಥಿಗಳ ಒಂದು ತಂಡ ಬೆಳಿಗ್ಗೆ ಇಳಿದರೆ ಮರುದಿನವೇ ಇನ್ನೊಂದು ತಂಡ ಬರುತ್ತಿತ್ತು. ಅಷ್ಟರೊಳಗೆ ಎಲ್ಲಾ ಕೋಣೆ, ಬಟ್ಟೆ, ಸಾಮಾನು, ಇಂಧನದ ಕೆಲಸ ಮುಗಿಯಬೇಕು. ಕಷ್ಟದ ಕೆಲಸ ಇದು, ಎಲ್ಲರಿಗೂ ಗೊತ್ತಿದ್ದೇ ಬರುತ್ತಾರೆ. ಅದರ ಬಗ್ಗೆ ನನ್ನ ದೂರಿಲ್ಲ.

ದೂರು ಇರುವುದು ನಿದ್ದೆಯ ವಿಷಯದಲ್ಲಿ. ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕೆಂಬುದು ನಿಯಮ. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ 6 ಗಂಟೆ ಇರಬೇಕು. ನಮಗೆ ಚಾರ್ಟರ್ ಇದ್ದಾಗ ಇದರ ಅರ್ಧವೂ ಸಿಗುತ್ತಿರಲಿಲ್ಲ. ತಿಂಗಳ ಕೊನೆಗೆ ಮಾತ್ರ ಎಲ್ಲ ದಿನಕ್ಕೂ ಸರಿಯಾದ ಗಂಟೆ ತುಂಬಿದ ಹಾಳೆ ಬರುತ್ತಿತ್ತು, ಸಹಿ ಹಾಕು ಎಂದು. ಸಿಬ್ಬಂದಿ ಕೋಣೆಗಳ ಏಸಿ ಕೆಟ್ಟಿತ್ತು. ಅತಿಥಿಗಳು ಇಳಿಯುವವರೆಗೆ ರಿಪೇರಿ ಇಲ್ಲ ಎಂದರು. ಕೆಳಗಿನ ಲಾಂಡ್ರಿಯಲ್ಲಿ ಡ್ರೈಯರ್‌ಗಳ ಕಾವಿನ ನಡುವೆ ಜೊತೆಯ ಸ್ಟೂವರ್ಡೆಸ್ ಒಬ್ಬಳು ಕುಸಿದು ಬಿದ್ದಳು. ಉಪ್ಪು ಸಕ್ಕರೆ ನೀರು ಕುಡಿಸಿ, ಅದೇ ರಾತ್ರಿ ಊಟ ಬಡಿಸಲು ನಿಲ್ಲಿಸಿದರು. ಡಾಕ್ಟರಿಗೆ ಒಂದು ಫೋನ್ ಕೂಡ ಮಾಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ನಿದ್ದೆಗೆಟ್ಟವರ ಕೈಯಲ್ಲಿ ಕತ್ತಲಲ್ಲಿ ಜನ ತುಂಬಿದ ಟೆಂಡರ್ ಕೊಡುವುದು ಅತಿಥಿಗಳ ಜೀವಕ್ಕೂ ಅಪಾಯ, ಅಲ್ವಾ? ಅಷ್ಟಾದರೂ ಯೋಚಿಸಬೇಡವೇ?

ನಮ್ಮ ಎಂಜಿನಿಯರ್ ಹಳಬರು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಎಂದು ದಿನಾ ಬರೆದಿಡು ಎಂದವರು ಅವರೇ. ಬರೆದು ಫೋಟೋ ತೆಗೆದು ಮನೆಗೆ ಕಳಿಸುತ್ತಿದ್ದೆ. ಕೊನೆಗೆ ಆ ಸುಳ್ಳು ಹಾಳೆಗೆ ಸಹಿ ಹಾಕುವುದಿಲ್ಲ ಎಂದಾಗ ಕ್ಯಾಪ್ಟನ್ ಸಾಮಾನು ಕಟ್ಟು ಎಂದರು. ಟಿಕೆಟ್ ಕೊಡದೆ ನನ್ನನ್ನು ಸಿಬ್ಬಂದಿ ಪಟ್ಟಿಯಿಂದ ತೆಗೆಸಲು ಬಂದರಿಗೆ ಕರೆದೊಯ್ದರು. ಆದರೆ ಪಟ್ಟಿಯಿಂದ ಹೆಸರು ತೆಗೆದರೆ ಈ ಮನುಷ್ಯ ದೇಶ ಬಿಟ್ಟು ಹೋಗುವುದು ಹೇಗೆ ಎಂದು ಇಮಿಗ್ರೇಷನ್‌ನವರು ಕೇಳಿದರು. ಟಿಕೆಟ್ ತೋರಿಸದೆ ಹೆಸರು ತೆಗೆಯಲು ಒಪ್ಪಲಿಲ್ಲ. ಹಾಗಾಗಿ ಟಿಕೆಟ್ಟೂ ಬಂತು, ಪಾಸ್‌ಪೋರ್ಟೂ ಬಂತು. ಯಾರಾದರೂ “ಸುಮ್ನೆ ಇಳಿದು ಹೋಗು” ಎಂದರೆ ಇಳಿಯಬೇಡಿ. ಊರಿಗೆ ಕಳಿಸುವ ಖರ್ಚು ಮಾಲೀಕರದು. 2017ರಿಂದ ಅದಕ್ಕೂ, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ವಿಮೆಯಂಥ ಭದ್ರತೆ ಇರಲೇಬೇಕು. ಮಾಲೀಕರು ಕೈಬಿಟ್ಟಾಗ ಸಿಬ್ಬಂದಿಗೆ ಒದಗಬೇಕಾದ ಹಣ ಅದು. 500 ಗ್ರಾಸ್ ಟನ್ ಅಥವಾ ಅದಕ್ಕಿಂತ ದೊಡ್ಡ ಯಾಟ್‌ನಲ್ಲಿ ಅದರ ಸರ್ಟಿಫಿಕೇಟ್ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಿರಬೇಕು. ಚಿಕ್ಕದಾದ ನಮ್ಮ ಯಾಟ್‌ನಲ್ಲಿ ಅದು ಎಲ್ಲೂ ಇರಲಿಲ್ಲ. ನೀವು ಹತ್ತಿದ ದಿನವೇ ಸಿಬ್ಬಂದಿ ಊಟದ ಕೋಣೆಯ ಗೋಡೆ ನೋಡಿ.

ಅತಿಥಿಗಳ ಗುಟ್ಟು ಕಾಯುತ್ತೇವೆ ಎಂದು ಬರೆದುಕೊಟ್ಟ ಪತ್ರ ತೋರಿಸಿ ಹೆದರಿಸಿದರು. ಆ ಪತ್ರ ಅತಿಥಿಗಳ ವಿಷಯಕ್ಕೆ. ಬಾಕಿ ಸಂಬಳ ಕೇಳುವುದಕ್ಕೆ ಅದು ಅಡ್ಡಿಯಲ್ಲ. ದೂರು ಕೊಡಬೇಕಾದ್ದು ಯಾಟ್ ಯಾವ ದೇಶದ ಬಾವುಟ ಹೊತ್ತಿದೆಯೋ ಅಲ್ಲಿಗೆ. ಯಾಟ್‌ನ ಹಿಂಭಾಗದಲ್ಲಿ ನೋಂದಣಿಯ ಊರಿನ ಹೆಸರಿರುತ್ತದೆ. ಜಾರ್ಜ್ ಟೌನ್ ಎಂದರೆ ಸಾಮಾನ್ಯವಾಗಿ ಕೇಮನ್ ದ್ವೀಪ, ವಲೆಟ್ಟಾ ಎಂದರೆ ಮಾಲ್ಟಾ, ಬಿಕಿನಿ ಎಂದರೆ ಮಾರ್ಷಲ್ ದ್ವೀಪ. ದಾರಿ ತೋಚದಿದ್ದರೆ ನಾವಿಕರ ನೆರವಿಗಿರುವ ಐಸ್ವಾನ್ ಸಂಸ್ಥೆಯ ಸೀಫೇರರ್‌ಹೆಲ್ಪ್ ಸಹಾಯವಾಣಿ ಇದೆ. 24 ಗಂಟೆಯೂ ಉಚಿತ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ.

ನಾನು ಮೊದಲ ಒಪ್ಪಂದ, ಈಮೇಲ್‌ಗಳು, ನಿದ್ದೆಯ ಲೆಕ್ಕದ ಫೋಟೋಗಳನ್ನು ಸೇರಿಸಿ ದೂರು ಕಳಿಸಿದೆ. ತಡವಾದರೂ ಸಂಬಳದ ಬಾಕಿ ಬಂತು. ಟಿಪ್ಸ್ ಮಾತ್ರ ಬರಲೇ ಇಲ್ಲ. ಅತಿಥಿಗಳು ಕೊಟ್ಟ ಲಕೋಟೆಗಳನ್ನೆಲ್ಲ ಸೀಸನ್ ಮುಗಿದ ಮೇಲೆ ಹಂಚುತ್ತೇವೆ ಎಂದು ಕ್ಯಾಪ್ಟನ್ ಇಟ್ಟುಕೊಂಡಿದ್ದರು, ಮತ್ತು ಪಾಲಿನ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಸಂಬಳ ಕಡಿಮೆ, ಆದರೆ ಟಿಪ್ಸ್ ಜಾಸ್ತಿ ಎಂದು ಆಸೆ ತೋರಿಸುವವರಿಗೆ ಯಾರಿಗೆ ಎಷ್ಟು ಪಾಲು, ಕೊಡುವುದು ಯಾವಾಗ, ಮಧ್ಯದಲ್ಲಿ ಬಿಟ್ಟರೆ ಏನು ಎಂಬುದನ್ನು ಒಪ್ಪಂದದಲ್ಲೇ ಬರೆದುಕೊಡಲು ಹೇಳಿ. ಬರೆದುಕೊಡದಿದ್ದರೆ ಆ ಹಣವನ್ನು ಲೆಕ್ಕಕ್ಕೇ ಹಿಡಿಯಬೇಡಿ, ಬರೀ ಸಂಬಳಕ್ಕೆ ಈ ಕೆಲಸ ಸಾಕೇ ಎಂದು ನೋಡಿ.