ಕ್ಲೀನ್ ಟೋನ್‌ಗೆ ಮಾಡೆಲರ್ ಸಾಕಾ? ಮೊದಲು ನಾಯ್ಸ್ ಗೇಟ್ ಆಫ್ ಮಾಡಿ

ಮಾಡೆಲರ್ ಅಂದರೆ ಗಿಟಾರ್ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಪೆಡಲ್. ಕ್ಲೀನ್ (ಒಡೆಯದ, ತಿಳಿಯಾದ ಸದ್ದು) ಅಂತ ಹೆಸರಿರುವ ಫ್ಯಾಕ್ಟರಿ ಪ್ರೀಸೆಟ್, ಅಂದರೆ ಕಂಪನಿಯೇ ಕೂರಿಸಿಟ್ಟ ಸೆಟ್ಟಿಂಗ್, ಕೇಳಿ ಯಾವ ಮಾಡೆಲರ್ ಬಗ್ಗೆಯೂ ತೀರ್ಮಾನಕ್ಕೆ ಬರಬೇಡಿ. ಅಂಗಡಿಯಲ್ಲಿ ಚೆನ್ನಾಗೇ ಕೇಳಿಸುತ್ತವೆ, ರಿವರ್ಬ್, ಕೋರಸ್, ಡಿಲೇ ಅಂತ ಎಫೆಕ್ಟ್ ಎಲ್ಲ ಸುರಿದಿರುತ್ತಾರೆ. ಮನೆಗೆ ತಂದು ಸ್ವಲ್ಪ ದಿನ ನುಡಿಸಿದ ಮೇಲೆ ಗೊತ್ತಾಗುತ್ತದೆ. ಮೆಲ್ಲಗೆ ಮೀಟಿದರೂ ಅಷ್ಟೇ, ಜೋರಾಗಿ ಮೀಟಿದರೂ ಅಷ್ಟೇ.

ನನ್ನದು ಮಧ್ಯಮ ಬೆಲೆಯದು. ಕಂಪನಿ ಹೆಸರು ಬೇಡ. ಎಷ್ಟು ಆಂಪ್, ಎಷ್ಟು ಎಫೆಕ್ಟ್ ಅನ್ನುವ ಪಟ್ಟಿ ನೀವು ಆಗಲೇ ನೋಡಿರುತ್ತೀರಿ. ಅಷ್ಟರಲ್ಲಿ ನಾನು ಬಳಸುವುದು ಒಂದೇ ಒಂದು, 1960ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್‌ನ ಮಾಡೆಲ್. ಅಸಲಿ ಆಂಪ್ 22 ವ್ಯಾಟ್, ಎರಡು 6ವಿ6 ಪವರ್ ಟ್ಯೂಬ್, 12 ಇಂಚಿನ ಒಂದು ಸ್ಪೀಕರ್. ಅದರಣ್ಣ ಟ್ವಿನ್ ರಿವರ್ಬ್ 85 ವ್ಯಾಟಿನದು, ಎಷ್ಟು ಜೋರಿಟ್ಟರೂ ಸದ್ದು ಸುಲಭಕ್ಕೆ ಒಡೆಯುವುದಿಲ್ಲ. ಡಿಲಕ್ಸ್ ಹಾಗಲ್ಲ. ವಾಲ್ಯೂಮ್ ಐದರ ಆಸುಪಾಸಿಗೆ ಬಂದರೆ ಪಿಕ್ ಬಿಗಿಯಾಗಿ ಹೊಡೆದಾಗ ಸ್ವರದ ಅಂಚು ಸ್ವಲ್ಪ ಗರಗರ ಅನ್ನುತ್ತದೆ, ಬೆರಳಲ್ಲಿ ಮೀಟಿದರೆ ಮತ್ತೆ ತಿಳಿಯಾಗುತ್ತದೆ. ನನಗೆ ಬೇಕಿದ್ದದ್ದು ಆ ಗಡಿ.

ಅದು ಸಿಗದೆ ಇರುವುದಕ್ಕೆ ಕಾರಣ ಆಂಪ್ ಮಾಡೆಲ್ ಅಲ್ಲವೇ ಅಲ್ಲ, ನಾಯ್ಸ್ ಗೇಟ್. ಇನ್‌ಪುಟ್ ಸೆಟ್ಟಿಂಗ್ ಒಳಗೆ, ಎರಡನೇ ಪುಟದಲ್ಲಿ ಅಡಗಿ ಕೂತಿದೆ. ನಾನು ತೆರೆದು ನೋಡಿದ ಎಲ್ಲ ಫ್ಯಾಕ್ಟರಿ ಪ್ರೀಸೆಟ್‌ನಲ್ಲೂ ಆನ್! ಸ್ಕ್ರೀನ್ ಮೇಲಿನ ಸಾಲಿನಲ್ಲಿ ಅದರ ಚಿತ್ರವೂ ಇಲ್ಲ. ಗೇಟ್ ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನು ಮುಚ್ಚುವುದು. ಭಾರೀ ಡಿಸ್ಟಾರ್ಷನ್‌ಗೆ ಬೇಕು, ಒಪ್ಪಿದೆ. ಕ್ಲೀನ್‌ನಲ್ಲಿ ಅದು ತಿಂದುಹಾಕುವುದು ಮೆಲ್ಲಗೆ ಮುಟ್ಟಿದ ಸ್ವರಗಳನ್ನು, ಕಾರ್ಡ್ ಬಿಟ್ಟ ಮೇಲೆ ನಿಧಾನಕ್ಕೆ ಆರುವ ಕೊನೆಯನ್ನು. ಅದರ ಹಿಂದೆಯೇ ಕಂಪ್ರೆಸರ್ ಒಂದು ಕಾದಿರುತ್ತದೆ, ಜೋರಿನದ್ದನ್ನೆಲ್ಲ ಅದುಮಲು. ಕೆಳಗಿನದ್ದು ಕತ್ತರಿಸಿ ಮೇಲಿನದ್ದು ಅದುಮಿದರೆ ಡೈನಾಮಿಕ್ಸ್ (ಮೆಲ್ಲಗೆ, ಜೋರು ಅನ್ನುವ ವ್ಯತ್ಯಾಸ) ಎಲ್ಲಿಂದ ಬರಬೇಕು? ಮ್ಯಾನುಯಲ್‌ನಲ್ಲಿ ಇದಕ್ಕೆ ಒಂದೇ ಸಾಲು. ಈ ಸಿಟ್ಟು ಇನ್ನೂ ಇಳಿದಿಲ್ಲ.

ಗೇಟ್ ತೆಗೆದ ಕೂಡಲೇ ಹಮ್ (ಗುಂಯ್ ಅನ್ನುವ ಸದ್ದು) ಶುರುವಾಗುತ್ತದೆ, ನನ್ನ ಗಿಟಾರಿನದು ಸಿಂಗಲ್ ಕಾಯಿಲ್ ಪಿಕಪ್ ಅಲ್ವಾ, ತಂತಿಯ ಕಂಪನದ ಜೊತೆ ಸುತ್ತಲಿನ ಕರೆಂಟಿನ ಗದ್ದಲವನ್ನೂ ಹಿಡಿಯುತ್ತದೆ. ಮೇಲೆ ಬೆಂಗಳೂರಿನ ಬಾಡಿಗೆ ಮನೆ, ಹಳೇ ವೈರಿಂಗ್, ಪ್ಲಗ್ ಪಾಯಿಂಟ್‌ಗೆ ಮೂರು ತೂತಿದ್ದರೂ ಅರ್ಥಿಂಗ್ ಇಲ್ಲ. ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್ ಸೇರಿಸಿ ಚಾರ್ಜರ್ ಹಾಕಿದರೆ ಕಿರಿಕಿರಿ ಇನ್ನೂ ಜಾಸ್ತಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿದೆ. (ಓನರ್ ಅರ್ಧ ದುಡ್ಡು ಕೊಟ್ಟರು, ನಂಬಿ.) ಉಳಿದ ಹಮ್‌ಗೆ ಕುರ್ಚಿ ಸ್ವಲ್ಪ ತಿರುಗಿಸಿ ಕೂರುತ್ತೇನೆ, ಪಿಕಪ್‌ನ ದಿಕ್ಕು ಬದಲಾದರೆ ಅದೂ ಇಳಿಯುತ್ತದೆ.

ಇಷ್ಟಾದ ಮೇಲೆ ಈ ಪೆಡಲ್ ಬೇರೆಯೇ ಆಯಿತು. ರಾತ್ರಿ ಮಗು ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ಖಾಲಿ ಪ್ಯಾಚ್ (ಏನೂ ಹಾಕದ ಸೆಟ್ಟಿಂಗ್) ತೆರೆಯುತ್ತೇನೆ. ಡಿಲಕ್ಸ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ಮಾಡೆಲ್), ಚೂರು ರಿವರ್ಬ್, ಅಷ್ಟೇ. ಆಂಪ್ ವಾಲ್ಯೂಮ್ ಆರು, ಬೇಸ್ ಮೂರು. ಈ ಸರ್ಕ್ಯೂಟ್‌ನಲ್ಲಿ ಟೋನ್ ನಾಬ್‌ಗಳು ವಾಲ್ಯೂಮ್‌ಗಿಂತ ಮುಂಚೆ ಬರುತ್ತವೆ, ಹಾಗಾಗಿ ವಾಲ್ಯೂಮ್ ಏರಿಸಿದಾಗ ಬೇಸ್ ಇಳಿಸದಿದ್ದರೆ ದಪ್ಪ ತಂತಿಗಳು ಕೆಸರಾಗುತ್ತವೆ. ಕ್ಯಾಬ್‌ನಲ್ಲಿ 6 ಕಿಲೋಹರ್ಟ್ಸ್ ಮೇಲಿನದ್ದು ಕತ್ತರಿಸುತ್ತೇನೆ. ಆಮೇಲೆ ಪೆಡಲ್ ಮುಟ್ಟುವುದಿಲ್ಲ, ಎಲ್ಲವೂ ಗಿಟಾರಿನ ವಾಲ್ಯೂಮ್ ನಾಬ್‌ನಲ್ಲೇ. ಕಾರ್ಡ್‌ಗಳಿಗೆ ಆರು, ಸೋಲೋಗೆ ಹತ್ತು, ಕಿರುಬೆರಳಲ್ಲೇ ತಿರುಗಿಸಿಕೊಂಡು ಹೋಗುವುದು. ಮೊದಮೊದಲು ಈ ನಾಬ್ ಇಳಿಸಿದಾಗ ಸದ್ದು ಮಂಕಾಗುತ್ತಿತ್ತು. ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಿಂದ 1 ನ್ಯಾನೋಫ್ಯಾರಡ್ ಕೆಪಾಸಿಟರ್, 150 ಕಿಲೋಓಮ್ ರೆಸಿಸ್ಟರ್ ತಂದು ನಾಬ್‌ಗೆ ಬೆಸುಗೆ ಹಾಕಿದೆ. ಚಿಲ್ಲರೆ ಕಾಸಿನ ಕೆಲಸ, ನೂರಾರು ಆಂಪ್ ಮಾಡೆಲ್‌ಗಿಂತ ನನಗೆ ಇದೇ ಹೆಚ್ಚು ಉಪಯೋಗಕ್ಕೆ ಬಂತು.

ಒಂದು ತೊಂದರೆ ಉಳಿದಿದೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ಕೂರಿಸಿದ ಟೋನ್ ಜಾಮ್ ರೂಮಿನಲ್ಲಿ ಜೋರಾಗಿ ಬಿಟ್ಟರೆ ಬೇಸ್ ಗುಂಯ್‌ಗುಟ್ಟುತ್ತದೆ, ಟ್ರೆಬಲ್ ಚುಚ್ಚುತ್ತದೆ. ಸದ್ದು ಕಮ್ಮಿ ಇದ್ದಾಗ ಕಿವಿಗೆ ಇವೆರಡೂ ಕಮ್ಮಿ ಕೇಳಿಸುವುದರಿಂದ ನಾವೇ ಜಾಸ್ತಿ ಇಟ್ಟಿರುತ್ತೇವೆ. ಪೆಡಲ್‌ನದ್ದೇನೂ ತಪ್ಪಿಲ್ಲ, ಆದರೂ ಒಂದೇ ಪ್ಯಾಚ್‌ಗೆ ಎರಡು ಕಾಪಿ ಇಟ್ಟುಕೊಳ್ಳಬೇಕು.

ಅಸಲಿ ಡಿಲಕ್ಸ್ ನನ್ನ ಬಜೆಟ್‌ಗೆ ಬರುವುದಿಲ್ಲ. ಬಂದರೂ ಅಪಾರ್ಟ್‌ಮೆಂಟ್‌ನಲ್ಲಿ ಆರಕ್ಕೆ ಇಟ್ಟರೆ ಪಕ್ಕದ ಮನೆ ಅಂಕಲ್ ಬೆಲ್ ಒತ್ತುತ್ತಾರೆ. ಹಾಗಾಗಿ ಇದನ್ನು ಮಾರುವ ಯೋಚನೆ ಇಲ್ಲ. ನನ್ನ ಅಂಕ ಐದಕ್ಕೆ ನಾಲ್ಕು. ಕೊಳ್ಳುವವರು ಅಂಗಡಿಗೆ ನಿಮ್ಮ ಗಿಟಾರನ್ನೇ ತೆಗೆದುಕೊಂಡು ಹೋಗಿ, ಖಾಲಿ ಪ್ಯಾಚ್‌ನಲ್ಲಿ ಒಂದು ಆಂಪ್, ಒಂದು ಕ್ಯಾಬ್ ಮಾತ್ರ ಹಾಕಿಸಿ, ವಾಲ್ಯೂಮ್ ನಾಬ್ ತಿರುಗಿಸಿ ನೋಡಿ.